ಶಾಲೆಯ ಪಡಸಾಲೆಯಲ್ಲಿ ಜೋಲಿ ಕಟ್ಟಿದ ಮಳೆಗಾಲ

ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಅಂಬೇವಾಡಿಯ ನಮ್ಮ ಮನೆಯಲ್ಲಿ ಈ ಜುಲೈ ತಿಂಗಳಿಡೀ ಒಣಗದ ಬಟ್ಟೆಗಳದೇ ರಾಜ್ಯ. ಬಾಗಿಲಿಗೆ, ಕಿಟಕಿಗೆ, ಕುರ್ಚಿಯ ಬೆನ್ನಿಗೆ, ಕೊನೆಗೆ ನಮ್ಮ ಯಜಮಾನರು ನಮಾಜಿಗೆ ಹೋಗುವಾಗ ಹಿಡಿಯುವ ಛತ್ರಿಗೂ ಮಗುವಿನ ಲಂಗೋಟಿ ನೇತುಹಾಕಿದ್ದಾಯಿತು. ಬಟ್ಟೆ ಒಣಗಿಸುವ ಯಂತ್ರ ಕಳಿಸುತ್ತೇನೆಂದು ಅಳಿಯ ಫೋನಿನಲ್ಲಿ ಹೇಳಿದ. ಯಂತ್ರ ಬಂದಾಗ ಬರಲಿ ಎಂದು ನಾನು ಅಗ್ಗಿಷ್ಟಿಕೆಯಲ್ಲಿ ಕೆಂಡ ಮಾಡಿ, ಚೂರು ಲೋಬಾನ ಉದುರಿಸಿ, ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ, ಬುಟ್ಟಿಯ ಮೇಲೆ ಬಟ್ಟೆ ಹರವಿದೆ. ಸ್ವಲ್ಪ ಹೊತ್ತಿನಲ್ಲಿ ಮನೆಯೆಲ್ಲ ಹೊಗೆ, ಹಾಲು, ಎಣ್ಣೆ, ಒದ್ದೆ ಹತ್ತಿ ಎಲ್ಲ ಕೂಡಿದ ಒಂದು ವಾಸನೆ. ಮಗಳು ಮೂಗು ಮುಚ್ಚಿಕೊಂಡು "ಅಮ್ಮಿ, ಏನ್ ನಾತ ಹಚ್ಚೀರಿ?" ಎಂದಳು. ನನಗೆ ಅದು ನಾತವಲ್ಲ. ಅದು ನನ್ನ ಮೊದಲ ಶಾಲೆಯ ವಾಸನೆ. ಅದರೊಳಗಿಂದ ಗಿರಿಜಾ ಅಕ್ಕೋರು ಕನ್ನಡಕ ಒರೆಸಿಕೊಳ್ಳುತ್ತಾ ಎದ್ದು ಬಂದರು.

ಆಗ ನಾನು ಟಿ.ಸಿ.ಎಚ್. ಮುಗಿಸಿ ಶಿಕ್ಷಕಿಯಾಗಿ ಮೊದಲ ನೌಕರಿಗೆ ಸೇರಿದ ಹುಡುಗಿ. ಮುಂಡಗೋಡ ತಾಲೂಕಿನಲ್ಲಿ, ಸನವಳ್ಳಿ ದಾಟಿ ಒಳಗೆ ಹೋದರೆ ಸಿಗುವ ಒಂದು ಸಣ್ಣ ಊರು. ಹೆಸರು ಹೇಳುವುದಿಲ್ಲ, ಹೇಳಿದರೆ ಅಲ್ಲಿನ ಹೆಂಗಸರು ಇವತ್ತಿಗೂ ನನ್ನ ಮೇಲೆ ಜಗಳಕ್ಕೆ ಬಂದಾರು. ಅಬ್ಬಾ ದಾಂಡೇಲಿಯಲ್ಲಿ ಲಾರಿ ಮೆಕ್ಯಾನಿಕ್ಕು. ಜೀವಮಾನದಲ್ಲಿ ಮೊದಲ ಬಾರಿಗೆ ಗ್ಯಾರೇಜಿಗೆ ರಜೆ ಹಾಕಿ, ಹಳಿಯಾಳದಲ್ಲಿ ಬಸ್ಸು ಬದಲಿಸಿ, ಟ್ರಂಕು ಹೊತ್ತು ನನ್ನನ್ನು ಬಿಡಲು ಬಂದಿದ್ದರು. ಊರೆಲ್ಲ ಒಮ್ಮೆ ನೋಡಿ ಅವರು ಆಡಿದ ಮೊದಲ ಮಾತು: "ಇಲ್ಲೆ ಭೋಂಗಾ ಇಲ್ಲಲ್ಲ ಬೇಟಿ, ಮುಂಜಾನೆ ಹೆಂಗ ಏಳ್ತಿ ನೀ?" ದಾಂಡೇಲಿಯವರಿಗೆ ಮಿಲ್ಲಿನ ಭೋಂಗಾ ಕೂಗಿದರೇ ಬೆಳಗು, ಕೂಗಿದರೇ ಊಟ. ಅಬ್ಬಾನಿಗೆ ಅದಿಲ್ಲದ ಊರು ಊರೇ ಅಲ್ಲ.

ನಿಜವಾದ ಚಿಂತೆ ಬೇರೆಯೇ ಇತ್ತು, ಅದನ್ನು ನಾವಿಬ್ಬರೂ ಬಾಯಿ ಬಿಟ್ಟು ಹೇಳಿರಲಿಲ್ಲ. ಒಂಟಿ ಮುಸಲ್ಮಾನರ ಹುಡುಗಿಗೆ ಆ ಊರಲ್ಲಿ ಯಾರು ಮನೆ ಕೊಡುತ್ತಾರೆ? ಮುಖ್ಯೋಪಾಧ್ಯಾಯಿನಿ ಗಿರಿಜಾ ಅಕ್ಕೋರು ನಮ್ಮನ್ನು ಶಾಲೆಯ ಮೆಟ್ಟಿಲ ಮೇಲೇ ಕೂರಿಸಿ ಚಹಾ ಕೊಟ್ಟರು. ಐವತ್ತರ ಹತ್ತಿರದ ಹೆಂಗಸು, ಗಿಡ್ಡಗೆ, ಕಪ್ಪಗೆ, ಸೀರೆಯನ್ನು ಒಂದು ಗೇಣು ಮೇಲೆತ್ತಿ ಉಟ್ಟಿದ್ದರು. ಜೊಯಿಡಾ ಕಡೆಯವರು, ಮನೆಮಾತು ಕೊಂಕಣಿ. ಅಬ್ಬಾ ಏನೋ ಹೇಳಲು ತಡವರಿಸುತ್ತಿದ್ದಾಗ ಅವರು ನನ್ನ ಕಡೆ ತಿರುಗಿ ಕೇಳಿದರು.

"ನಾ ಮೀನ ತಿಂತೇನಿ. ನೀವು?"

"ತಿಂತೇನ್ರಿ."

"ಮುಗೀತು ಬಿಡ್ರಿ ಹಂಗಾರ. ಟ್ರಂಕ ನನ್ನ ಮನ್ಯಾಗ ಇಡ್ರಿ."

ಅಷ್ಟರಲ್ಲಿ ಮುಗಿದೇ ಹೋಯಿತು. ವಾಪಸು ಹೋಗುವ ಬಸ್ಸು ಬರುವವರೆಗೆ ಅಬ್ಬಾ ಶಾಲೆಯ ಕೈಪಂಪು ಬಿಚ್ಚಿ ರಿಪೇರಿ ಮಾಡಿಕೊಟ್ಟರು. ಕೃತಜ್ಞತೆ ಹೇಳಲು ಅವರಿಗೆ ಬೇರೆ ಭಾಷೆ ಬರುತ್ತಿರಲಿಲ್ಲ.

ಜೂನಿನಲ್ಲಿ ತರಗತಿಗಳು ತುಂಬಿದ್ದವು. ಆ ಕಡೆ ಭತ್ತದ ಸಸಿ ನೆಡುವುದಕ್ಕಿಂತ ಕೂರಿಗೆಯಲ್ಲಿ ಬಿತ್ತುವುದೇ ಹೆಚ್ಚು. ಮಳೆಗಾಲ ಕೂತ ಮೇಲೆ ಭತ್ತಕ್ಕಿಂತ ಮೊದಲು ಕಳೆ ಏಳುತ್ತದೆ. ಜುಲೈ ಬಂತೆಂದರೆ ಊರಿನ ಅಷ್ಟೂ ಹೆಂಗಸರು ಬೆನ್ನಿಗೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು ಗದ್ದೆಗೆ ಇಳಿಯಬೇಕು. ತಾಯಿ ಗದ್ದೆಗಿಳಿದರೆ ಮನೆಯಲ್ಲಿ ಕೈಗೂಸು ಯಾರ ಪಾಲು? ದೊಡ್ಡ ಹುಡುಗಿಯ ಪಾಲು. ಹೀಗಾಗಿ ಐದರಿಂದ ಏಳನೆಯ ತರಗತಿಯ ಹುಡುಗಿಯರು ಒಬ್ಬೊಬ್ಬರಾಗಿ ಮಾಯವಾಗುತ್ತಿದ್ದರು. ಹಿಂದೆಲ್ಲ ಹೀಗೆ ಹೋದವರಲ್ಲಿ ಕೆಲವರು ಮಳೆ ನಿಂತ ಮೇಲೆ ಬರುತ್ತಿದ್ದರಂತೆ, ಕೆಲವರು ಬರುತ್ತಲೇ ಇರಲಿಲ್ಲವಂತೆ. ನಾನು ಪೇಟೆ ಹುಡುಗಿ, ಸಿಟ್ಟು ಮೂಗಿನ ತುದಿಯಲ್ಲಿ. ಪಾಲಕರ ಸಭೆ ಕರೆದು ಬೈಯೋಣ ಎಂದೆ.

"ಬೈದರ ಕಳಿ ಕೀಳಾಕ ನೀವು ಹೋಗ್ತೀರೇನು?" ಎಂದರು ಅಕ್ಕೋರು. "ಕೂಸು ಸಮೇತ ಬರ್ರಿ ಅಂತ ಹೇಳೇನಿ. ನಾಳಿಂದ ನೋಡ್ರಿ."

ಮರುದಿನ ಬೆಳಿಗ್ಗೆ ಶಾಲೆಯ ಪಡಸಾಲೆಯನ್ನು ನೋಡಿ ನಾನು ಬಾಯಿ ತೆರೆದು ನಿಂತೆ. ಜಂತಿಗಳಿಗೆ ಸಾಲಾಗಿ ಜೋಲಿಗಳು. ಹಸಿರು, ನೀಲಿ, ಕೆಂಪು ಸೀರೆಗಳಲ್ಲಿ ಗಂಟು ಹಾಕಿದ ಕೂಸುಗಳು. ಮೂಲೆಯಲ್ಲಿ ಕೆಂಡದ ಮೇಲೆ ಬೋರಲು ಹಾಕಿದ ಬುಟ್ಟಿ, ಅದರ ಮೇಲೆ ಒಣಗುವ ಬಟ್ಟೆ. ಅಕ್ಕೋರು ಇದನ್ನು ಪ್ರತಿ ಮಳೆಗಾಲ ಮಾಡುತ್ತಾ ಬಂದಿದ್ದರಂತೆ, ಯಾರ ಆದೇಶವೂ ಇಲ್ಲದೆ. ಒಂದೇ ಕಟ್ಟುನಿಟ್ಟು: ಜೋಲಿಗೆ ಆಯಾ ತಾಯಿಯೇ ಉಟ್ಟು ಬಿಟ್ಟ ಸೀರೆ ಬೇಕು, ಅದನ್ನು ಒಗೆಯದೆ ತರಬೇಕು. "ಅವ್ವನ ಮೈವಾಸನಿ ಇದ್ರ ಕೂಸು ಸುಮ್ಮನ ಮಲಗತಾವ" ಎಂಬುದು ಅವರ ಲೆಕ್ಕ. ಹುಡುಗಿಯರು ಸರದಿಯಂತೆ ಹೊರಗೆ ಕೂತು ತೂಗುತ್ತಿದ್ದರು, ಉಳಿದವರು ಒಳಗೆ ಪಾಠ ಕೇಳುತ್ತಿದ್ದರು. ಮಧ್ಯಾಹ್ನ ತಾಯಂದಿರು ಕೆಸರುಗಾಲಲ್ಲೇ ಬಂದು ಹಾಲು ಕೊಟ್ಟು ಹೋಗುತ್ತಿದ್ದರು. ಒಂದು ಕೂಸು ಶುರು ಮಾಡಿದರೆ ಉಳಿದವು ಕೋರಸ್ಸು. ಆ ಗದ್ದಲದಲ್ಲಿ ನಾನು ಭಿನ್ನರಾಶಿ ಕಲಿಸಿದ್ದೇನೆ. ಇವತ್ತು ಎಂಥ ತರಗತಿ ಕೊಟ್ಟರೂ ನನಗೆ ಭಯವಿಲ್ಲದ್ದು ಅದಕ್ಕೇ.

ಏಳನೆಯ ತರಗತಿಯಲ್ಲಿ ಕಮಲಾ ಎಂಬ ಹುಡುಗಿ ಇದ್ದಳು. ಎತ್ತರಕ್ಕೆ ಬೆಳೆದವಳು, ಮಾತು ಕಡಿಮೆ. ಲೆಕ್ಕ ಕೊಟ್ಟರೆ ಮೊದಲು ಒಂದು ಗಳಿಗೆ ಮೇಲೆ ನೋಡುತ್ತಿದ್ದಳು, ಆಮೇಲೆ ಒಂದೇ ಉಸಿರಿಗೆ ಬರೆದು ಮುಗಿಸುತ್ತಿದ್ದಳು. ಆಗ ಏಳನೆಯ ತರಗತಿಗೆ ಪಬ್ಲಿಕ್ ಪರೀಕ್ಷೆ. ಅದು ಪಾಸಾದರೆ ಮುಂಡಗೋಡದ ಹೈಸ್ಕೂಲು. ಆ ಊರಿನಿಂದ ಅಲ್ಲಿಯವರೆಗೆ ಒಬ್ಬ ಹುಡುಗಿಯೂ ಹೈಸ್ಕೂಲು ಮೆಟ್ಟಿಲು ಹತ್ತಿರಲಿಲ್ಲ. ಕಮಲಾ ಹತ್ತಬೇಕು ಎಂಬುದು ಅಕ್ಕೋರ ಆಸೆ. ಆಸೆ ಎಂದರೆ ಸಣ್ಣ ಮಾತಾಯಿತು, ಹಟ. ಅಡ್ಡಿಯೆಂದರೆ ಅವಳ ಬೆನ್ನಿಗಂಟಿದ ಆರು ತಿಂಗಳ ತಮ್ಮ. ಅದಕ್ಕಿಂತ ದೊಡ್ಡ ಅಡ್ಡಿ ಅಜ್ಜಿ ಗಂಗವ್ವ. ಆ ಮನೆಯಲ್ಲಿ ಗಂಗವ್ವನ ಮಾತೇ ಕೊನೆಯ ಮಾತು. ಕಮಲಾಳ ತಾಯಿ ರೇಣವ್ವ ಅತ್ತೆಯ ಎದುರು ದನಿಯೆತ್ತಿದವಳಲ್ಲ. "ಹುಡುಗಿ ಸಾಲಿಗಿ ಹೋಗ್ಲಿ, ಕೂಸು ಅಳಬಾರದು, ಅಷ್ಟ" ಎಂಬ ಷರತ್ತಿನ ಮೇಲೆ ಗಂಗವ್ವ ಅವಳನ್ನು ಕಳಿಸುತ್ತಿದ್ದಳು.

ನಾಗರ ಪಂಚಮಿ ಮುಗಿದ ಮೇಲಿನ ಒಂದು ದಿನ. ಬೆಳಗಿನಿಂದ ಜಡಿಮಳೆ, ಸಂಜೆಯ ಹೊತ್ತಿಗೆ ಊರ ನಡುವಿನ ಹಳ್ಳ ಕೆಂಪಾಗಿ ಏರತೊಡಗಿತು. ಹಳ್ಳದ ಆಚೆಗೂ ಒಂದಷ್ಟು ಮನೆಗಳಿದ್ದವು. ಆ ಕಡೆಯ ಮಕ್ಕಳನ್ನು ಸಂಕ ದಾಟಿಸಲು ಅಕ್ಕೋರು ಬೇಗನೆ ಶಾಲೆ ಬಿಟ್ಟು, ಸಂಕದ ಈ ತುದಿಯಲ್ಲಿ ನಿಂತು ಒಬ್ಬೊಬ್ಬರನ್ನೇ ಕಳಿಸುತ್ತಿದ್ದರು. ಮರದ ದಿಮ್ಮಿಗಳ ಕಾಲುಸೇತುವೆ ಅದು, ಗಟ್ಟಿಯಾಗಿತ್ತು, ಆದರೂ ಮಕ್ಕಳ ಕೈಬಿಡುವ ಹಾಗಿರಲಿಲ್ಲ. ನಾನು ಒಳಗೆ ಏಳನೆಯವರನ್ನು ಹೆಚ್ಚಿನ ಪಾಠಕ್ಕೆ ಕೂರಿಸಿಕೊಂಡಿದ್ದೆ. ಪಡಸಾಲೆಯಲ್ಲಿ ಉಳಿದದ್ದು ಎರಡೇ ಜೋಲಿ, ಎರಡರಲ್ಲೂ ಕೂಸು ಮಲಗಿದ್ದವು.

ಅಷ್ಟರಲ್ಲಿ ಫಕೀರಪ್ಪ ಬಂದ. ಹಳ್ಳದ ಆಚೆಯ ಶಾಂತವ್ವನ ಗಂಡ. ದಾಂಡೇಲಿಯ ಟಿಂಬರ್ ಡಿಪೋದಲ್ಲಿ ದಿಮ್ಮಿ ಲೋಡು ಮಾಡುವ ಕೆಲಸ, ಊರಿಗೆ ಬರುವುದು ಯಾವಾಗಲೋ ಒಮ್ಮೆ. ಹೆಂಡತಿ ತವರಿನಲ್ಲಿ ಹೆತ್ತಾಗ ಹೋಗಿ ಕೂಸನ್ನು ಒಮ್ಮೆ ನೋಡಿ ಬಂದವನು, ಮತ್ತೆ ನೋಡುತ್ತಿರುವುದು ಇದೇ ಈಗ. ಮನೆಗೆ ಬೀಗ, ಹೆಂಡತಿ ಗದ್ದೆಯಲ್ಲಿ, ಕೂಸು ಸಾಲಿಯಲ್ಲಿ ಎಂದು ಕೇಳಿ ಚೀಲ ಅಲ್ಲೇ ಇಟ್ಟು ಓಡಿ ಬಂದಿದ್ದ. ಸಂಕದ ಹತ್ತಿರ ಅಕ್ಕೋರನ್ನು ಕಂಡು ಕೇಳಿದ.

"ನಮ್ಮ ಕೂಸು ಎಲ್ಲೆ ಐತ್ರಿ ಅಕ್ಕೋರ?"

"ಪಡಸಾಲ್ಯಾಗ ಮಲಗೇತಿ. ಹೋಗಿ ತಗೊಂಡ ಬರ್ರಿ, ನೀರ ಏರಾಕತ್ತೈತಿ, ಲಗೂ ಲಗೂ!" ಎಂದರು ಅಕ್ಕೋರು. ಅವರ ಎರಡೂ ಕೈಯಲ್ಲಿ ಎರಡು ಮಕ್ಕಳಿದ್ದವು.

ಫಕೀರಪ್ಪ ಪಡಸಾಲೆಗೆ ಬಂದು ನೋಡಿದ. ಎರಡು ಜೋಲಿಗಳಲ್ಲಿ ಮುಂದಿನದು ಅರಿಶಿನ ಬಣ್ಣದ, ಕೆಂಪು ಅಂಚಿನ ಸೀರೆ. ಅದರ ಗುರುತು ಅವನಿಗೆ ಚೆನ್ನಾಗಿತ್ತು. ಹೋದ ವರ್ಷದ ಪಂಚಮಿಗೆ ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ ಸೀರೆ ಮಾರುವ ಮಹಬೂಬ್ ಸಾಹೇಬರ ಗಂಟಿನಿಂದ ತಾನೇ ಆರಿಸಿ ಹೆಂಡತಿಗೆ ತಂದದ್ದು. ಹಿಂದಿನ ಜೋಲಿಯ ಕಡೆ ಅವನು ನೋಡಲೇ ಇಲ್ಲ. ನೋಡಿದ್ದರೆ ಅಲ್ಲೂ ಅದೇ ಸೀರೆ ಇತ್ತು. ಮಹಬೂಬ್ ಸಾಹೇಬರು ಆ ವರ್ಷ ಒಂದೇ ನಮೂನೆಯ ಸೀರೆಗಳ ಬೇಲು ಎತ್ತಿದ್ದರು, ಅದನ್ನು ಸೈಕಲ್ಲಿನ ಮೇಲೆ ಊರೂರಿಗೆ ಒಯ್ದು ಮಾರಿದ್ದರು. ಅವರ ಕೈಯಿಂದ ರೇಣವ್ವನೂ ಒಂದು ಕೊಂಡಿದ್ದಳು. ಫಕೀರಪ್ಪ ಜೋಲಿಯ ಗಂಟು ಬಿಚ್ಚಿ, ಸೀರೆ ಸಮೇತ ಕೂಸನ್ನು ಮುಖ ಮುಚ್ಚಿ ಸುತ್ತಿ, ಕೊಪ್ಪೆಯೊಳಗೆ ಎದೆಗವಚಿಕೊಂಡು ಸಂಕ ದಾಟಿದ. ಅಕ್ಕೋರ ಪಕ್ಕದಲ್ಲೇ ದಾಟಿದ. ಮುಖದಲ್ಲಿ ಎಂಥ ಹಿಗ್ಗು ಇತ್ತೆಂದರೆ ಅವನನ್ನು ತಡೆದು ಕೂಸಿನ ಮುಖ ತೋರಿಸು ಎನ್ನಲು ಮನಸ್ಸೇ ಬರಲಿಲ್ಲ ಎಂದು ಅಕ್ಕೋರು ಆಮೇಲೆ ಹೇಳಿದರು.

ಪಾಠ ಮುಗಿಸಿ ಕಮಲಾ ತಮ್ಮನನ್ನು ಎತ್ತಿಕೊಳ್ಳಲು ಹೋದಳು. ಜೋಲಿಯಲ್ಲಿ ಶಾಂತವ್ವನ ಮಗಳು ಕಣ್ಣು ಬಿಟ್ಟು ನಗುತ್ತಿದ್ದಳು. ಕಮಲಾ ಕಿರುಚಲಿಲ್ಲ. ಬಾಗಿಲಲ್ಲಿ ನಿಂತು "ಅಕ್ಕೋರ, ನಮ್ಮ ತಮ್ಮ ಇಲ್ರಿ" ಎಂದಳು, ಅಷ್ಟೇ. ಒಂಟಿ ಉಳಿದ ಆ ಕೂಸನ್ನು ಎತ್ತಿಕೊಂಡು, ಕಮಲಾಳನ್ನೂ ಕರೆದುಕೊಂಡು ನಾನು ಸಂಕದ ಕಡೆ ಓಡಿದೆ. ನನಗಿಂತ ಮೊದಲು ಗಂಗವ್ವ ಅಲ್ಲಿದ್ದಳು. ಮೊಮ್ಮಕ್ಕಳು ಇನ್ನೂ ಬಂದಿಲ್ಲವೆಂದು ಬೆತ್ತ ಊರಿಕೊಂಡು ಹುಡುಕಿ ಬಂದವಳು, ವಿಷಯ ತಿಳಿದದ್ದೇ ತಡ, ಮಳೆಯ ಸದ್ದೂ ಅಡಗುವ ಹಾಗೆ ಬೈಗುಳ ಶುರು ಮಾಡಿದಳು. ಅಕ್ಕೋರು ಶಾಂತವ್ವನ ಮಗಳನ್ನು ನನ್ನ ಕೈಯಿಂದ ತೆಗೆದುಕೊಂಡು ಸಂಕದ ಮೇಲೆ ಕಾಲಿಟ್ಟರು.

ಅವರು ನಡುವಿಗೆ ಬರುವಷ್ಟರಲ್ಲಿ ಆ ಕಡೆಯಿಂದ ಶಾಂತವ್ವ ಬರುತ್ತಿದ್ದಳು, ಎದೆಗೆ ಗಂಗವ್ವನ ಮೊಮ್ಮಗ. ಹಿಂದೆ ಫಕೀರಪ್ಪ ತಲೆ ತಗ್ಗಿಸಿಕೊಂಡು. ಗದ್ದೆಯಿಂದ ಬರುವ ಹೆಂಡತಿಗೆ ಕೂಸನ್ನು ಹೆಮ್ಮೆಯಿಂದ ತೋರಿಸಬೇಕೆಂದು, ಒದ್ದೆ ಬಟ್ಟೆ ಬದಲಿಸಲು ಲಂಗೋಟಿ ಬಿಚ್ಚಿದಾಗ ತನ್ನ ಮಗಳು ಗಂಡಾಗಿರುವುದು ಅವನಿಗೆ ಗೊತ್ತಾಗಿತ್ತು ಪಾಪ. ಹಳ್ಳದ ಮೇಲೆ, ದಿಮ್ಮಿಗಳ ನಡುವೆ, ಇಬ್ಬರು ಹೆಂಗಸರು ಕೂಸುಗಳನ್ನು ಅದಲುಬದಲು ಮಾಡಿಕೊಂಡರು. ಈಗ ನೆನೆದರೆ ನಗು ಬರುತ್ತದೆ. ಆಗ ಯಾರೂ ನಗಲಿಲ್ಲ.

"ಸಿಟ್ಟ ಆಗಬ್ಯಾಡ್ರಿ ಗಂಗವ್ವ" ಎಂದಳು ಶಾಂತವ್ವ ಅಲ್ಲಿಂದಲೇ ಕೂಗಿ. "ಭಾಳ ಅಳಾಕತ್ತಿತ್ತು. ಹಾಲ ಕುಡಿಸೇ ತಂದೇನಿ."

ಗಂಗವ್ವ ಕೂಸನ್ನು ಕಿತ್ತುಕೊಂಡು ಮೂಸಿ ನೋಡಿ, ಕಮಲಾಳ ತೋಳು ಹಿಡಿದು ಎಳೆದುಕೊಂಡು ಹೊರಟಳು. ಹತ್ತು ಹೆಜ್ಜೆ ಹೋಗಿ ತಿರುಗಿ ಹೇಳಿದಳು. "ನಿಮ್ಮ ಸಾಲಿಗಿ ದೊಡ್ಡ ನಮಸ್ಕಾರ. ನಾಳಿಂದ ಹುಡುಗಿ ಮನ್ಯಾಗ ಕೂಸು ನೋಡ್ಕೋತಾಳ. ನೀವು ಮನಿ ಮುಂದ ಬಂದ್ರ ಚಲೋ ಇರೂದಿಲ್ಲ ಮತ್ತ."

ಮರುದಿನ ಪಡಸಾಲೆಯಲ್ಲಿ ಒಂದೂ ಜೋಲಿ ಇರಲಿಲ್ಲ. ಗಂಗವ್ವ ಬೆಳಗಾಗುವ ಮೊದಲೇ ಊರೆಲ್ಲ ಸಾರಿ ಬಂದಿದ್ದಳು. ಕೂಸುಗಳ ಜೊತೆಗೆ ಹುಡುಗಿಯರೂ ಇಲ್ಲ. ಏಳನೆಯ ತರಗತಿಯಲ್ಲಿ ನಾಲ್ಕು ಗಂಡುಹುಡುಗರು ನನ್ನ ಮುಖ ನೋಡುತ್ತಾ ಕೂತಿದ್ದರು. ನನಗೆ ಅಳು, ಸಿಟ್ಟು ಒಟ್ಟಿಗೆ ಬಂದವು. ಸಂಜೆ ಮನೆಗೆ ಬಂದು, ತಪ್ಪು ಆ ಫಕೀರಪ್ಪನದು, ತನ್ನ ಕೂಸಿನ ಗುರುತು ತನಗಿಲ್ಲವೇ ಎಂದು ಕೂಗಾಡಿದೆ.

ಅಕ್ಕೋರು ಒಲೆಯ ಮೇಲೆ ಬಂಗಡೆ ಮೀನು ಸುಡುತ್ತಿದ್ದರು. "ಎಲ್ಲಿಂದ ಗುರುತ ಹಿಡೀಬೇಕ್ರಿ ಅವಾ? ವರ್ಷಪೂರ್ತಿ ದಿಮ್ಮಿ ಮುಖ ನೋಡ್ಕೊಂಡ ಇರಾಂವ. ಸೀರಿ ಗುರುತ ಇತ್ತಲ್ಲ, ಅದ ದೊಡ್ಡದು. ಅವ್ವನ ಸೀರಿನ ತರ್ರಿ ಅಂತ ಹೇಳಿದಾಕಿ ನಾನು. ತಪ್ಪ ನಂದ ಐತಿ, ನಾನ ಹೋಗಿ ಕೇಳ್ತೇನಿ."

ಕೇಳಿದರು ಕೂಡ. ನಾನೂ ಜೊತೆಗೆ ಹೋಗಿದ್ದೆ. ಗಂಗವ್ವ ಕಟ್ಟೆಯ ಮೇಲೆ ಕೂತು ಹುರುಳಿ ಹಸನು ಮಾಡುತ್ತಿದ್ದಳು, ಬರ್ರಿ ಎನ್ನಲಿಲ್ಲ. ಅಕ್ಕೋರು ಮಳೆಹನಿ ಬೀಳುವ ಅಂಗಳದಲ್ಲೇ ನಿಂತು, ಕೈ ಮುಗಿದು, "ತಪ್ಪಾತು ಗಂಗವ್ವ. ಕೂಸು ನನ್ನ ನಂಬಿ ಬಿಟ್ಟಿದ್ರಿ, ನಾ ನೋಡಲಿಲ್ಲ" ಎಂದರು. ಒಬ್ಬ ಹೆಡ್‌ಮಾಸ್ತರು ಕೂಲಿ ಹೆಂಗಸಿನ ಅಂಗಳದಲ್ಲಿ ಹಾಗೆ ಕೈ ಮುಗಿದು ನಿಂತದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ನನಗೆ ಅವಮಾನವಾಯಿತು. ಅವರಿಗೆ ಆದಂತೆ ಕಾಣಲಿಲ್ಲ. ಗಂಗವ್ವ ಮೊರದ ಕಡೆಯೇ ನೋಡುತ್ತಿದ್ದಳು.

"ಸಾಲ್ಯಾಗ ನಾ ಒಬ್ಬಾಕಿ ಸಾಲೂದಿಲ್ಲ" ಎಂದರು ಅಕ್ಕೋರು ಮತ್ತೆ. "ನಿಮ್ಮಂಥಾ ಹಿರ್ಯಾರೊಬ್ರು ಬಂದ ಕುಂತ್ರ..."

"ನಾ ಯಾಕ ಬರ್ಲಿ? ಹುಟ್ಟಿದಾಗಿಂದ ಸಾಲಿ ಮೆಟ್ಟಲಾ ಹತ್ತಿದಾಕಿ ಅಲ್ಲ ನಾ. ಸಾಯೂ ಹೊತ್ತಿನ್ಯಾಗ ಹತ್ತಬೇಕಾ?"

ಒಳಗೆ ಬಾಗಿಲ ಸಂದಿಯಲ್ಲಿ ಕಮಲಾ ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡು ನಿಂತಿದ್ದಳು. ನಮ್ಮನ್ನು ನೋಡಿದಳು, ಆಮೇಲೆ ನೋಡಲಿಲ್ಲ. ಆ ಹುಡುಗಿಯ ಕಥೆ ಮುಗಿಯಿತು ಎಂದೇ ನನಗನ್ನಿಸಿತ್ತು.

ಎರಡು ದಿನ ಕಳೆದಿರಬೇಕು. ಬೆಳಿಗ್ಗೆ ಗಂಗವ್ವನ ಅಂಗಳಕ್ಕೆ ಶಾಂತವ್ವ ಬಂದಳು. ಕೊಪ್ಪೆ ಹಾಕಿಕೊಂಡು ಗದ್ದೆಗೆ ಹೊರಟವಳು, ಮಗಳನ್ನು ಸೀದಾ ಗಂಗವ್ವನ ಮಡಿಲಲ್ಲಿಟ್ಟು ಹೇಳಿದಳು. ಅಲ್ಲಿದ್ದ ರೇಣವ್ವ ಆಮೇಲೆ ಅಕ್ಕೋರ ಮುಂದೆ ಆ ಮಾತನ್ನು ಹಾಗೆಯೇ ನಟಿಸಿ ತೋರಿಸಿದ್ದಳು: "ಸಾಲ್ಯಾಗ ಜೋಲಿ ಬಂದ್ ಮಾಡ್ಸೀರಿ. ನನ್ನ ಕೂಸು ಎಲ್ಲೆ ಬಿಡ್ಲಿ ಹೇಳ್ರಿ? ನಿಮ್ಮ ಮೊಮ್ಮಗಗ ನಾ ಎದಿಹಾಲ ಕೊಟ್ಟೇನಿ. ಇದನ್ನ ನೀವು ಹೊತ್ತ ಮುಳುಗೂತನಾ ನೋಡ್ಕೋರಿ." ಗಂಗವ್ವನಂಥ ಗಂಗವ್ವ ಕೂಸನ್ನು ಮಡಿಲಲ್ಲೇ ಇಟ್ಟುಕೊಂಡಳು. ಹಾಲು ಕೊಟ್ಟವಳಿಗೆ ಒಲ್ಲೆ ಎನ್ನುವುದು ಹೇಗೆ? ನಮ್ಮ ಅಮ್ಮಿಗೆ ಮುಂದೆ ನಾನು ಈ ಕಥೆ ಹೇಳಿದಾಗ ಅವಳೂ ಅದನ್ನೇ ಅಂದಳು: ಒಬ್ಬಳ ಹಾಲು ಕುಡಿದ ಮೇಲೆ ಅವು ಅಣ್ಣ-ತಂಗಿಯೇ, ಇನ್ನು ಅವರ ನಡುವೆ ಮದುವೆ ಕೂಡ ಕೂಡದು. ಅಮ್ಮಿಯ ಲೆಕ್ಕಾಚಾರ ಯಾವಾಗಲೂ ಒಂದು ತಲೆಮಾರು ಮುಂದೆ.

ಮರುದಿನ ಶಾಂತವ್ವನ ಹಿಂದೆ ಇನ್ನೊಬ್ಬಳು ಬಂದಳು, ಅದರ ಮರುದಿನ ಮತ್ತಿಬ್ಬರು. "ಆಕಿ ಕೂಸು ನೋಡ್ಕೋತೀರಿ, ನಂದ್ಯಾಕ ಬ್ಯಾಡ?" ಗಂಗವ್ವನ ಕಟ್ಟೆ ತುಂಬ ಕೂಸುಗಳು. ಒಂದು ಮಲಗಿದರೆ ಒಂದು ಏಳುತ್ತಿತ್ತು, ಒಂದು ಹುರುಳಿಯ ಮೊರ ಚೆಲ್ಲಿದರೆ ಒಂದು ಅದನ್ನು ಬಾಯಿಗೆ ಹಾಕುತ್ತಿತ್ತು. ಕಮಲಾ ಒಬ್ಬಳು ಎಷ್ಟನ್ನು ಎತ್ತಿಯಾಳು? ಬಡಕಲು ಮುದುಕಿಗೆ ಉಗುಳು ನುಂಗಲೂ ಪುರಸೊತ್ತಿಲ್ಲ. ವಾರ ತುಂಬುವುದರೊಳಗೆ ಒಂದು ದಿನ ಪ್ರಾರ್ಥನೆಯ ಹೊತ್ತಿಗೆ ನಾವು ನೋಡಿದ್ದೇನು! ಮುಂದೆ ಗಂಗವ್ವ, ಕಂಕುಳಲ್ಲಿ ಒಂದು ಕೂಸು. ಹಿಂದೆ ಕಮಲಾ, ಎರಡು ಕೂಸು. ಅದರ ಹಿಂದೆ ಕೂಸು ಹೊತ್ತ ಹುಡುಗಿಯರ ಮೆರವಣಿಗೆ.

"ಈ ಸಂತಿ ನಿಮ್ಮದು ಅಕ್ಕೋರ, ನೀವ ಇಟಗೋರಿ" ಎಂದು ಗಂಗವ್ವ ಪಡಸಾಲೆಯ ಮೇಲೆ ಹತ್ತಿ, ಕಂಬಕ್ಕೊರಗಿ ಕಾಲು ಚಾಚಿ ಕೂತಳು. ಮೆಟ್ಟಿಲು ಹತ್ತಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. "ನಾ ಇಲ್ಲೇ ಕುಂದ್ರತೇನಿ. ಯಾವ ಗಂಡಸರು ಬಂದು ಹೆಂಗ ಕೂಸು ಒಯ್ತಾರ ನೋಡ್ತೇನಿ ನಾನೂ."

ಆ ಮಳೆಗಾಲ ಮುಗಿಯುವವರೆಗೆ ಅವಳು ಅಲ್ಲಿಂದ ಏಳಲಿಲ್ಲ. ಸೀರೆಯ ಗುರುತನ್ನು ಅವಳು ನಂಬಲಿಲ್ಲ. ತನ್ನದೇ ಒಂದು ವ್ಯವಸ್ಥೆ ಮಾಡಿದಳು: ಒಂದು ಕೂಸಿಗೆ ಎಡಗೆನ್ನೆಯ ಮೇಲೆ ಕಾಡಿಗೆಯ ದೃಷ್ಟಿಬೊಟ್ಟು, ಇನ್ನೊಂದಕ್ಕೆ ಬಲಗೆನ್ನೆ, ಮತ್ತೊಂದಕ್ಕೆ ಹಣೆ, ಇನ್ನೂ ಒಂದಕ್ಕೆ ಅಂಗಾಲು. ಕೂಸು ಒಯ್ಯಲು ಬಂದವರು ಮೊದಲು ಬೊಟ್ಟು ಎಲ್ಲಿದೆ ಹೇಳಬೇಕು. ಪಾಪ, ಫಕೀರಪ್ಪ ಮತ್ತೊಮ್ಮೆ ಊರಿಗೆ ಬಂದಾಗ ಗಂಗವ್ವ ಅವನನ್ನು ಅರ್ಧ ಗಂಟೆ ಪ್ರಶ್ನೆ ಕೇಳಿ, ಮಗಳ ಅಂಗಾಲು ತೋರಿಸಿ, ಆಮೇಲೆ ಕೈಗೆ ಕೊಟ್ಟಳು. ಅವನು ಮಗಳನ್ನು ಅಲ್ಲೇ ಮೆಟ್ಟಿಲ ಮೇಲೆ ಕೂರಿಸಿಕೊಂಡು ಬಹಳ ಹೊತ್ತು ಮುಖ ನೋಡುತ್ತಾ ಕೂತಿದ್ದ.

ಶಾಂತವ್ವನನ್ನು ಗಂಗವ್ವನ ಅಂಗಳಕ್ಕೆ ಕಳಿಸಿದ್ದು ಅಕ್ಕೋರೇ ಎಂದು ನನಗೆ ಆಗಲೂ ಗುಮಾನಿ, ಈಗಲೂ ಗುಮಾನಿ. ಎಷ್ಟು ಕೆದಕಿದರೂ ಅವರು ಒಪ್ಪಲಿಲ್ಲ. "ನನಗ್ಯಾಕ ಬೇಕಿತ್ತವ್ವ ಊರ ಉಸಾಬರಿ" ಎಂದು ಮೀನಿನ ಮುಳ್ಳು ಬಿಡಿಸುತ್ತಾ ಕೂತುಬಿಟ್ಟರು. ಊರ ಉಸಾಬರಿ ಬಿಟ್ಟು ಅವರಿಗೆ ಬೇರೆ ಬದುಕೇ ಇರಲಿಲ್ಲ! ಬಸುರಿಯರನ್ನು ಹಾಲಿನ ಗಾಡಿಯಲ್ಲಿ ಕೂರಿಸಿ ಮುಂಡಗೋಡದ ದವಾಖಾನೆಗೆ ಒಯ್ಯುವುದು, ಸಂಜೆ ಹೆಂಗಸರಿಗೆ ಸಹಿ ಹಾಕಲು ಕಲಿಸುವುದು, ಕುಡಿದು ಬಂದು ಹೊಡೆಯುವವನ ಮನೆ ಮುಂದೆ ಸುಮ್ಮನೆ ಕುರ್ಚಿ ಹಾಕಿಕೊಂಡು ಕೂರುವುದು. ಕೂತರೆ ಸಾಕು, ಅವನು ಆ ರಾತ್ರಿ ಕೈ ಎತ್ತುತ್ತಿರಲಿಲ್ಲ. ನನಗೆ ಮುಂದೆ ಹಳಿಯಾಳಕ್ಕೆ, ಆಮೇಲೆ ದಾಂಡೇಲಿಗೆ ವರ್ಗವಾಯಿತು. ಅವರು ಬಡ್ತಿ ಬೇಡವೆಂದು ಅಲ್ಲೇ ಉಳಿದರು. ನಿವೃತ್ತಿಯ ಮೇಲೂ ಜೊಯಿಡಾಕ್ಕೆ ಹೋಗಲಿಲ್ಲ. ಊರಿಗೆ ಅಂಗನವಾಡಿ ಬಂದ ವರ್ಷ ಮಾತ್ರ, ಇನ್ನು ನನ್ನ ಕೆಲಸ ಸರಕಾರ ಮಾಡುತ್ತದೆ ಎಂದು ನಕ್ಕು ಪಡಸಾಲೆಯ ಜೋಲಿಗಳನ್ನು ನಿಲ್ಲಿಸಿದರು. ಹೋದ ವರ್ಷ, ಹಣ್ಣಾಗಿ, ಯಾರಿಗೂ ತೊಂದರೆ ಕೊಡದೆ ತೀರಿಕೊಂಡರು. ಸುದ್ದಿ ಕೇಳಿ ಒಂದು ದಿನ ಅತ್ತೆ. ಆಮೇಲೆ ಅಳು ಬರಲಿಲ್ಲ, ಅವರನ್ನು ನೆನೆದಾಗ ಬರುವುದು ಹೆಚ್ಚಾಗಿ ನಗುವೇ. ಅಂಥವರ ಕೈಕೆಳಗೆ ಮೊದಲ ವರ್ಷ ಕೆಲಸ ಮಾಡಿದ್ದು ನನ್ನ ಪುಣ್ಯ.

ಆದರೆ ಆ ವರ್ಷದ ಮಾತು ಇನ್ನೂ ಮುಗಿದಿಲ್ಲ, ಪರೀಕ್ಷೆ ಉಳಿದಿದೆ. ಪಬ್ಲಿಕ್ ಪರೀಕ್ಷೆಯ ಕೇಂದ್ರ ಮುಂಡಗೋಡದಲ್ಲಿ. ಬೇಸಿಗೆ ಶುರುವಾಗಿತ್ತು. ರೇಣವ್ವ, ಅವಳ ಗಂಡ ಇಬ್ಬರೂ ಕಬ್ಬು ಕಡಿಯಲು ಹಳಿಯಾಳದ ಕಡೆ ಹೋಗಿದ್ದರು. ಮನೆಯಲ್ಲಿ ಮತ್ತೆ ಅಜ್ಜಿ, ಮೊಮ್ಮಗಳು, ಮೊಮ್ಮಗ. ಹಿಂದಿನ ಸಂಜೆ ಗಂಗವ್ವ ಅಕ್ಕೋರ ಮನೆಗೆ ಬಂದು "ನಾಳಿ ಹೆಂಗ ಮಾಡೂಣ್ರಿ?" ಎಂದಳು. ಮಾಡುವುದು ಏನೂ ಉಳಿದಿರಲಿಲ್ಲ, ಅವಳೇ ನಿರ್ಧರಿಸಿಬಿಟ್ಟಿದ್ದಳು: "ಕೂಸು ತಗೊಂಡ ನಾನೂ ಬರ್ತೇನಿ. ಎಲ್ಲಾರೂ ಕೂಡಿ ಹೋಗೂಣು."

ಬೆಳಗಿನ ಬಸ್ಸಿನಲ್ಲಿ ಏಳನೆಯ ತರಗತಿಯ ಉಳಿದ ಮಕ್ಕಳ ಜೊತೆ ನಾವು ಐವರು ಹೋದೆವು. ಗಂಗವ್ವ ಹಬ್ಬದ ಸೀರೆ ಉಟ್ಟಿದ್ದಳು. ಕಮಲಾ ದಾರಿಯುದ್ದಕ್ಕೂ ಅಂಗೈ ಬೆವರನ್ನು ಲಂಗಕ್ಕೆ ಒರೆಸಿಕೊಳ್ಳುತ್ತಿದ್ದಳು. ಗಂಟೆ ಹೊಡೆದ ಮೇಲೆ ಮಕ್ಕಳೆಲ್ಲ ಒಳಗೆ ಹೋದರು. ನಾವು ಗೇಟಿನ ಹೊರಗೆ ಬೇವಿನ ಮರದ ನೆರಳಲ್ಲಿ ನಿಂತೆವು. ಕಮಲಾಳ ಬೆಂಚು ಕಿಟಕಿಯ ಪಕ್ಕದಲ್ಲೇ ಬಂದಿತ್ತು, ಅವಳ ಮುಖ ನಮಗೆ ಕಾಣುತ್ತಿತ್ತು. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಎಂದಿನಂತೆ ಒಂದು ಗಳಿಗೆ ಮೇಲೆ ನೋಡಿದಳು, ಆಮೇಲೆ ತಲೆ ತಗ್ಗಿಸಿ ಬರೆಯತೊಡಗಿದಳು. ಅಕ್ಕೋರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಸ್ವಲ್ಪ ಹೊತ್ತಿಗೆ ಕೂಸು ಎದ್ದಿತು. ಹಸಿವೋ, ಸೆಕೆಯೋ, ಗೊತ್ತಿಲ್ಲ, ಒಮ್ಮೆಲೇ ದೊಡ್ಡ ದನಿ ತೆಗೆಯಿತು. ಒಳಗೆ ಯಾವ ಮಗುವೂ ತಲೆ ಎತ್ತಲಿಲ್ಲ. ಕಮಲಾ ಮಾತ್ರ ಪೆನ್ನು ಕೆಳಗಿಟ್ಟು ಎದ್ದು ನಿಂತಳು. ತಾನು ಎಲ್ಲಿದ್ದೇನೆ ಎಂಬುದೇ ಮರೆತವಳಂತೆ ಎದ್ದು, ಬೆಂಚಿನಿಂದ ಒಂದು ಕಾಲು ಹೊರಗಿಟ್ಟಳು. ಮೇಲ್ವಿಚಾರಕರು ಏನೋ ಕೇಳುತ್ತಾ ಅವಳತ್ತ ಬಂದರು. ನಾನು ಹೆದರಿ ಅಕ್ಕೋರ ಕೈ ಹಿಡಿದೆ.

ಅಕ್ಕೋರು ಕೂಸನ್ನು ಇಸಕೊಳ್ಳಲು ಕೈ ಚಾಚಿದರು. ಗಂಗವ್ವ ಕೊಡಲಿಲ್ಲ.

"ನೀವ ಇಲ್ಲೇ ನಿಂದ್ರಿ. ಆಕಿ ನಿಮ್ಮ ಮಾರಿ ನೋಡ್ಲಿ. ಇವನ ದನಿ ಆಕೀಗ ಕೇಳಬಾರದು" ಎಂದು ಮೊಮ್ಮಗನ ಮುಖವನ್ನು ಸೆರಗಿನಲ್ಲಿ ಮುಚ್ಚಿ ಎದೆಗೊತ್ತಿಕೊಂಡು, ಬಿಸಿಲಿಗಿಳಿದು ನಡೆದೇಬಿಟ್ಟಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಡಾಂಬರು ಸುಡುತ್ತಿತ್ತು. ಬಸ್ ಸ್ಟ್ಯಾಂಡಿನ ಕಡೆ, ಅಂಗಡಿಗಳ ಆಚೆ, ಅಳು ನಮಗೂ ಕೇಳಿಸದಷ್ಟು ದೂರ ಹೋದಳು.

ಕಮಲಾ ಒಂದು ಗಳಿಗೆ ಕಿವಿಗೊಟ್ಟು ನಿಂತಿದ್ದಳು. ಆಮೇಲೆ ಕೂತು, ಪೆನ್ನು ಎತ್ತಿಕೊಂಡಳು.